ಬೆಣ್ಣೆ ಎಂದು ಬರೆದ ಮೇಲೆ ಬೆಣ್ಣೆಯೇ ಇರಲಿ

ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯ ಹೊಟೇಲ್ ಮಾಲಕರಿಗೆ ಒಂದು ಬಹಿರಂಗ ಪತ್ರ



ಬೆಳಗಿನ ಜಾವ ಟೆಂಪೊದಿಂದ ನಿಮ್ಮ ಹೊಟೇಲಿನ ಹಿಂಬಾಗಿಲಿಗೆ ಬಂದಿಳಿಯುವ ಹಾಲಿನ ಪ್ರತಿ ಪ್ಯಾಕೆಟ್ಟಿನ ಮೇಲೂ ಒಂದು ಲೆಕ್ಕ ಅಚ್ಚಾಗಿರುತ್ತದೆ. ಟೋನ್ಡ್ ಹಾಲಾದರೆ ಕೊಬ್ಬು ಶೇ. 3, ಡಬಲ್ ಟೋನ್ಡ್ ಆದರೆ 1.5, ಸ್ಟ್ಯಾಂಡರ್ಡೈಸ್ಡ್ ಆದರೆ 4.5, ಫುಲ್ ಕ್ರೀಮ್ ಆದರೆ 6. ಅದರ ಜೊತೆಗೇ ಬರುವ ಬೆಣ್ಣೆಯ ಪೆಟ್ಟಿಗೆ, ಚೀಸಿನ ಇಟ್ಟಿಗೆ, ಪನೀರಿನ ಚೀಲ, ಎಣ್ಣೆಯ ಡಬ್ಬ ಇವೆಲ್ಲವೂ ಒಳಗೇನಿದೆ ಎಂಬುದನ್ನು ಮೈಮೇಲೆ ಬರೆದುಕೊಂಡೇ ಬರುತ್ತವೆ. ಅಡುಗೆಮನೆಯ ಹೊಸಿಲು ದಾಟಿದ ಕ್ಷಣಕ್ಕೆ ಆ ಬರಹವೆಲ್ಲ ಅಳಿಸಿಹೋಗುತ್ತದೆ. ಗಿರಾಕಿಯ ಕೈಗೆ ಸಿಗುವುದು ಮೆನು ಕಾರ್ಡಿನ ನಾಲ್ಕು ಶಬ್ದ: ಬೆಣ್ಣೆ ಮಸಾಲೆ, ಚೀಸ್ ಮೈಸೂರು, ಪನೀರ್ ಬಟರ್ ಮಸಾಲಾ, ದೇಸಿ ತುಪ್ಪದ ಶೀರಾ. ಈಚೆಗೆ ಕೆಲವು ಕಾರ್ಡುಗಳಲ್ಲಿ ಇವುಗಳ ಪಕ್ಕದಲ್ಲೇ ‘ಹೆಲ್ದಿ’, ‘ಲೈಟ್’, ‘ಡಯಟ್’ ಎಂಬ ಮಾತುಗಳೂ ಬಂದು ಕೂತಿವೆ. ಹಿಂಬಾಗಿಲಿನಲ್ಲಿ ಅಂಕಿಯಾಗಿದ್ದದ್ದು ಮುಂಬಾಗಿಲಿನಲ್ಲಿ ಬರಿಯ ಹೊಗಳಿಕೆಯಾಗುವ ಈ ಬದಲಾವಣೆಯ ಕುರಿತೇ ಈ ಪತ್ರ.

ನಿಮಗೇ ಏಕೆ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಡೊಂಬಿವಲಿ ಅಥವಾ ಕಲ್ಯಾಣದಿಂದ ಬೆಳಗಿನ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರು, ವಾಶಿ, ತುರ್ಭೆ, ಮಹಾಪೆಯ ಕಚೇರಿ ಕಾರ್ಖಾನೆಗಳಲ್ಲಿ ದಿನ ಕಳೆಯುವವರು ವಾರದಲ್ಲಿ ನಾಲ್ಕೈದು ಸಲ ಉಣ್ಣುವುದು ಹೊರಗೆ. ಅವರಲ್ಲಿ ಬಹಳಷ್ಟು ಜನ ನಿಮ್ಮ ಕಾವಲಿಯ ಮುಂದೆ ಬಂದು ನಿಲ್ಲುತ್ತಾರೆ. ಉಡುಪಿ ಎಂಬ ಹೆಸರು ಕಂಡರೆ ಅಡುಗೆ ಶುಚಿ, ಸಾಮಗ್ರಿ ಶುದ್ಧ ಎಂಬ ನಂಬಿಕೆ ಮುಂಬಯಿಯಲ್ಲಿ ಬೇರು ಬಿಟ್ಟದ್ದು ಜಾಹೀರಾತಿನಿಂದಲ್ಲ. ಮಾಟುಂಗದಲ್ಲಿ 1940ರ ದಶಕದ ಹೊತ್ತಿಗೆ ಊಟದ ಎಲೆ ಹಾಕಿದವರಿಂದ ಹಿಡಿದು, ಹಗಲು ಟೇಬಲ್ ಒರೆಸಿ ಸಂಜೆ ಕನ್ನಡದ ರಾತ್ರಿಶಾಲೆಗೆ ಹೋಗಿ ಓದಿ ಮುಂದೆ ತಾವೇ ಮಾಲಕರಾದವರ ತನಕ ಮೂರು ತಲೆಮಾರಿನ ಜನ ದುಡಿದು ಕಟ್ಟಿದ ನಂಬಿಕೆ ಅದು. ಹಾಗಾಗಿ ಈ ಉಪನಗರಗಳಲ್ಲಿ ಊಟದ ಮಾತಿಗೆ ಒಂದು ಪ್ರಾಮಾಣಿಕ ರೂಢಿ ಹಾಕಬಲ್ಲವರು ಯಾರು ಎಂದು ಕೇಳಿದರೆ ಮೊದಲು ನೆನಪಾಗುವುದು ನೀವೇ. ನನ್ನ ಬೇಡಿಕೆ ಇಷ್ಟು: ತಟ್ಟೆಯಲ್ಲಿರುವ ಜಿಡ್ಡು ಯಾವುದು, ಎಷ್ಟು ಎಂಬುದನ್ನು ಮೆನು ಕಾರ್ಡಿನಲ್ಲಿ ಬರೆಯಿರಿ. ಆರೋಗ್ಯದ ಹೊಗಳಿಕೆಯನ್ನು ಕಾರ್ಡಿನಿಂದ ತೆಗೆಯಿರಿ. ಇದು ಯಾಕೆ ಹೃದಯದ ಪ್ರಶ್ನೆಯೂ ಹೌದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಹಾಲಿನ ಮೇಲಿನ ಅಂಕಿಯ ಕಥೆ ಶುರುವಾದದ್ದೇ ಮುಂಬಯಿಯಲ್ಲಿ. ಟೋನ್ಡ್ ಹಾಲು ಎಂಬ ಕಲ್ಪನೆ ದಾರಾ ಖುರೋಡಿ ಅವರದು. ಮುಂಬಯಿಯ ಹಾಲು ಆಯುಕ್ತರಾಗಿದ್ದ, ಆರೇ ಹಾಲು ಕಾಲೊನಿಯನ್ನು ಕಟ್ಟಿದ ಅಧಿಕಾರಿ ಅವರು. 1963ರಲ್ಲಿ ವರ್ಗೀಸ್ ಕುರಿಯನ್ ಮತ್ತು ತ್ರಿಭುವನದಾಸ್ ಪಟೇಲರ ಜೊತೆ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಶೇ. 6ರಿಂದ 7ರಷ್ಟಿರುತ್ತದೆ. ಅದಕ್ಕೆ ನೀರು ಬೆರೆಸಿದರೆ ಕೊಬ್ಬು ಇಳಿಯುತ್ತದೆ, ಆದರೆ ಹಾಲಿನ ಉಳಿದ ಸತ್ವವೂ ತೆಳ್ಳಗಾಗುತ್ತದೆ. ಕೆನೆ ತೆಗೆದ ಹಾಲಿನ ಪುಡಿಯನ್ನು ಸೇರಿಸಿದರೆ ಆ ಸತ್ವ ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಹೀಗೆ ಒಂದು ಲೀಟರು ಎಮ್ಮೆ ಹಾಲು ಎರಡು ಲೀಟರಿಗಿಂತ ಹೆಚ್ಚಾಗಿ, ಬಡವರ ಕೈಗೆಟಕುವ ಬೆಲೆಗೆ ಸಿಗತೊಡಗಿತು. ಅದು ಹಾಲು ಸಾಲದ ನಗರಕ್ಕೆ ಹಾಲು ಮುಟ್ಟಿಸುವ ಉಪಾಯ, ಜನಹಿತದ ದೊಡ್ಡ ಕೆಲಸ. ಹೃದಯವನ್ನು ಕಾಪಾಡುವ ಉದ್ದೇಶ ಆ ಯೋಜನೆಯಲ್ಲಿ ಇರಲಿಲ್ಲ. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದೇ ಶೇ. 3 ‘ತೂಕ ಇಳಿಸುವ ಹಾಲು’, ‘ಹಗುರ ಹಾಲು’ ಎಂಬ ಹೊಸ ಗುಣ ಪಡೆದು ಮನೆಮನೆಗೆ ಬಂತು. ಕಾನೂನು ಹಾಗೆ ಹೇಳುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಜಾಹೀರಾತು ಮತ್ತು ಹೇಳಿಕೆಗಳಿಗಾಗಿ ಮಾಡಿದ ನಿಯಮದ ಪ್ರಕಾರ ದ್ರವ ಪದಾರ್ಥವನ್ನು ‘ಕಡಿಮೆ ಕೊಬ್ಬಿನದು’ ಎಂದು ಕರೆಯಬೇಕಾದರೆ 100 ಮಿಲಿಲೀಟರಿನಲ್ಲಿ ಕೊಬ್ಬು 1.5 ಗ್ರಾಮ್ ಮೀರಬಾರದು. ಡಬಲ್ ಟೋನ್ಡ್ ಹಾಲು ಆ ಗೆರೆಯ ಮೇಲೆ ನಿಲ್ಲುತ್ತದೆ, ಟೋನ್ಡ್ ಹಾಲು ಗೆರೆಯ ಎರಡರಷ್ಟು ಆಚೆ. ಪೂರೈಕೆಯ ಲೆಕ್ಕಕ್ಕೆ ಹುಟ್ಟಿದ ಅಂಕಿಗೆ ಮಾರುಕಟ್ಟೆ ಆರೋಗ್ಯದ ಅಂಗಿ ತೊಡಿಸಿತು.

ಹೀಗೆ ಅಂಗಿ ತೊಡಿಸುವ ಕೆಲಸ ಹಾಲಿಗಷ್ಟೇ ಎಂದೂ ನಿಂತಿಲ್ಲ. ಸಸ್ಯಜನ್ಯ ಎಣ್ಣೆಯಲ್ಲಿ ಕೊಲೆಸ್ಟರಾಲ್ ಸ್ವಭಾವತಃ ಇರುವುದೇ ಇಲ್ಲ. ಆದರೂ ‘ಕೊಲೆಸ್ಟರಾಲ್ ಮುಕ್ತ’ ಎಂದು ಬರೆದ ಎಣ್ಣೆಯ ಡಬ್ಬವನ್ನು ಎಷ್ಟೋ ವರ್ಷ ನಾವೆಲ್ಲ ಸಮಾಧಾನದಿಂದ ಮನೆಗೆ ಒಯ್ದಿದ್ದೇವೆ. ಸಕ್ಕರೆ ತುಂಬಿದ ಮಾಲ್ಟಿನ ಪುಡಿಗಳು ಅಂತರ್ಜಾಲದ ಅಂಗಡಿಗಳಲ್ಲಿ ‘ಆರೋಗ್ಯ ಪೇಯ’ ಎಂಬ ಸಾಲಿನಲ್ಲಿ ಕೂತಿದ್ದವು. ಅವನ್ನು ಅಲ್ಲಿಂದ ತೆಗೆಯಿರಿ ಎಂದು ಸರಕಾರ ಹೇಳಬೇಕಾಗಿ ಬಂದದ್ದು 2024ರ ಏಪ್ರಿಲಿನಲ್ಲಿ. ಅದೇ ವರ್ಷ ಆಗಸ್ಟ್ 21ರಂದು ಹಾಲು ತುಪ್ಪಗಳ ಮೇಲೆ ‘ಎ1’, ‘ಎ2’ ಎಂದು ಬರೆದು ಮಾರುವುದನ್ನು ನಿಲ್ಲಿಸಿ ಎಂದು ಪ್ರಾಧಿಕಾರ ಸೂಚನೆ ಕೊಟ್ಟಿತು, ಐದೇ ದಿನದಲ್ಲಿ, ಆಗಸ್ಟ್ 26ರಂದು ಹಿಂತೆಗೆದುಕೊಂಡಿತು. ಹಾಲಿನ ಹೊಗಳಿಕೆಗೆ ಕಡಿವಾಣ ಹಾಕುವುದು ನಿಯಂತ್ರಕರಿಗೂ ಎಷ್ಟು ಕಷ್ಟ ಎಂದು ತಿಳಿಯಲು ಈ ಐದು ದಿನ ಸಾಕು. ಮೇಲಿನಿಂದ ನಿಯಮ ಬರಲಿ, ಆಮೇಲೆ ನೋಡೋಣ ಎಂದು ಕಾಯುತ್ತ ಕೂತರೆ ಬಹಳ ಕಾಲ ಕಾಯಬೇಕಾದೀತು.

ಇನ್ನು ಹೃದಯದ ಮಾತು. ಭಾರತದಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದಾಗುವ ಸಾವಿನ ಪಾಲು 1990ರಲ್ಲಿ ಒಟ್ಟು ಸಾವುಗಳ ಶೇ. 15ರಷ್ಟಿತ್ತು, 2016ಕ್ಕೆ ಶೇ. 28ಕ್ಕೆ ಏರಿತು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ಸರಾಸರಿ ವಯಸ್ಸು 53. ಉಳಿದ ದೇಶಗಳವರಿಗೆ ಹೆಚ್ಚುಕಡಿಮೆ 59. ಮಗಳ ಮದುವೆ, ಮಗನ ಕಾಲೇಜು, ಫ್ಲ್ಯಾಟಿನ ಕೊನೆಯ ಕಂತುಗಳೆಲ್ಲ ಒಟ್ಟಿಗೆ ಬಂದು ನಿಲ್ಲುವ ವಯಸ್ಸು ಅದು. ನಿಮ್ಮ ಟೇಬಲಿನಲ್ಲಿ ಮಧ್ಯಾಹ್ನ ಕೂರುವ ಗಿರಾಕಿಯ ವಯಸ್ಸೂ ಅದೇ. ಗಲ್ಲೆಯ ಮೇಲೆ ದಿನಕ್ಕೆ ಹದಿನಾಲ್ಕು ಗಂಟೆ ಕೂರುವ ನಿಮ್ಮದೂ ಅದೇ ಇರಬಹುದು.

ಹಾಗಾದರೆ ತಪ್ಪು ಹಾಲಿನ ಕೊಬ್ಬಿನದೇ? ಇಲ್ಲಿ ನೇರ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಪಶ್ಚಿಮ ರೈಲ್ವೆಯ ವೈದ್ಯಾಧಿಕಾರಿಯಾಗಿದ್ದ ಎಸ್. ಎಲ್. ಮಲ್ಹೋತ್ರಾ ದೇಶದ ಎಲ್ಲ ಕಡೆಯ ರೈಲ್ವೆ ನೌಕರರ ಸಾವಿನ ದಾಖಲೆಗಳನ್ನು ಹೋಲಿಸಿ 1967ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಒಂದು ಲೇಖನ ಪ್ರಕಟಿಸಿದರು. ಹಾಲು, ಮೊಸರು, ತುಪ್ಪಗಳಿಂದ ಎಷ್ಟೋ ಪಟ್ಟು ಹೆಚ್ಚು ಕೊಬ್ಬು ತಿನ್ನುತ್ತಿದ್ದ ಪಂಜಾಬಿನ ನೌಕರರಿಗಿಂತ, ಬೀಜದ ಎಣ್ಣೆ ತಿನ್ನುತ್ತಿದ್ದ ದಕ್ಷಿಣದವರಲ್ಲಿ ಹೃದಯದ ಸಾವು ಸುಮಾರು ಏಳು ಪಟ್ಟು ಹೆಚ್ಚು ಎಂದು ಅವರ ಲೆಕ್ಕ ಹೇಳಿತು. ತುಪ್ಪದ ಪಕ್ಷದವರು ಇಂದಿಗೂ ಎತ್ತಿ ಹಿಡಿಯುವ ಅಧ್ಯಯನವಿದು. ಅವರು ಹೇಳದೆ ಬಿಡುವ ಮುಂದಿನ ಸಂಗತಿಯೊಂದಿದೆ. 2016ರ ರಾಜ್ಯವಾರು ಅಂಕಿಗಳಲ್ಲಿ ಹೃದ್ರೋಗ ಅತಿ ಹೆಚ್ಚು ಹರಡಿರುವ ರಾಜ್ಯಗಳ ಸಾಲಿನಲ್ಲಿ ಕೇರಳ, ತಮಿಳುನಾಡಿನ ಜೊತೆಗೆ ಪಂಜಾಬೂ ನಿಂತಿದೆ. ಐವತ್ತು ವರ್ಷದಲ್ಲಿ ಪಂಜಾಬು ತುಪ್ಪ ಬಿಟ್ಟಿಲ್ಲ. ಬದಲಾದದ್ದು ಮೈಮುರಿದು ದುಡಿಯುವ ಬದುಕು, ತಿನ್ನುವ ಒಟ್ಟು ಮೊತ್ತ, ಮತ್ತು ತುಪ್ಪದ ಜೊತೆ ತಟ್ಟೆಗೆ ಬಂದ ಬೇರೆಲ್ಲ ಪದಾರ್ಥ. ಒಂದೇ ಪದಾರ್ಥವನ್ನು ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಿಸುವ ವಾದವೂ, ಅದೇ ಪದಾರ್ಥವನ್ನು ಮದ್ದು ಎನ್ನುವ ವಾದವೂ ಇಲ್ಲಿ ಒಟ್ಟಿಗೇ ಸೋಲುತ್ತವೆ.

ಆಮೇಲಿನ ಸಂಶೋಧನೆಯ ದಾರಿಯೂ ಹೀಗೇ ಕವಲೊಡೆದಿದೆ. 2018ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಪ್ಯೂರ್ ಅಧ್ಯಯನ ಭಾರತವೂ ಸೇರಿ 21 ದೇಶಗಳ ಸುಮಾರು 1,36,000 ಜನರನ್ನು ವರ್ಷಗಟ್ಟಲೆ ಗಮನಿಸಿತು. ದಿನಕ್ಕೆ ಎರಡು ಪಾಲಿಗಿಂತ ಹೆಚ್ಚು ಹಾಲು, ಮೊಸರು ಸೇವಿಸುವವರಲ್ಲಿ ಸಾವು ಮತ್ತು ಹೃದ್ರೋಗ ಕಡಿಮೆ ಎಂದು ಕಂಡಿತು. ಆದರೆ ಅದು ಗಮನಿಸಿ ಬರೆದ ಅಧ್ಯಯನ, ಪ್ರಯೋಗ ಮಾಡಿ ಸಾಧಿಸಿದ್ದಲ್ಲ. ಹಾಲು ಕೊಳ್ಳುವ ಶಕ್ತಿ ಇರುವ ಮನೆಯಲ್ಲಿ ಔಷಧ ಕೊಳ್ಳುವ ಶಕ್ತಿಯೂ ಇರುತ್ತದೆ. ಇನ್ನೊಂದು ಕಡೆ, ಆಹಾರ ಬದಲಿಸಿ ನೋಡಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ಕಾಕ್ರೇನ್ ಸಂಸ್ಥೆಯ 2020ರ ಸಮೀಕ್ಷೆ, ಸ್ಯಾಚುರೇಟೆಡ್ ಕೊಬ್ಬನ್ನು, ಅಂದರೆ ಬೆಣ್ಣೆ, ತುಪ್ಪ, ತೆಂಗು, ತಾಳೆ ಎಣ್ಣೆಗಳಲ್ಲಿ ಹೇರಳವಾಗಿರುವ ಬಗೆಯನ್ನು, ಕನಿಷ್ಠ ಎರಡು ವರ್ಷ ಕಾಲ ಕಡಿಮೆ ಮಾಡಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಸುಮಾರು ಶೇ. 17ರಷ್ಟು ತಗ್ಗಿದವು ಎಂದು ಹೇಳಿತು. ಇವೆರಡೂ ಒಟ್ಟಿಗೆ ನಿಜವಾಗಿರಬಹುದು. ಹಾಲು, ಮೊಸರು, ಚೀಸ್ ರೂಪದಲ್ಲಿ ಒಳಗೆ ಹೋಗುವ ಕೊಬ್ಬು ಅಷ್ಟೇ ತೂಕದ ಬೆಣ್ಣೆಯಷ್ಟು ಕೊಲೆಸ್ಟರಾಲನ್ನು ಏರಿಸುವುದಿಲ್ಲ ಎಂದು ಹಲವು ಪ್ರಯೋಗಗಳು ತೋರಿಸಿವೆ. ಮತ್ತೆ, ಬೆಣ್ಣೆ ಬಿಟ್ಟವರು ಆ ಜಾಗದಲ್ಲಿ ಏನು ತಿಂದರು ಎಂಬುದರ ಮೇಲೆಯೇ ಲಾಭನಷ್ಟ ನಿಂತಿದೆ. ಸೂರ್ಯಕಾಂತಿ, ಸೋಯಾದಂಥ ಎಣ್ಣೆ ಬಂದರೆ ಲಾಭ. ಮೈದಾ, ಸಕ್ಕರೆ ಬಂದರೆ ಹೇಳಿಕೊಳ್ಳುವಂಥ ಲಾಭವಿಲ್ಲ.

ಬದಲಿಗೆ ಬಂದದ್ದು ಏನು ಎಂಬ ಈ ಪ್ರಶ್ನೆಗೆ ಚರಿತ್ರೆ ಒಮ್ಮೆ ಬಹಳ ಕಹಿ ಉತ್ತರ ಕೊಟ್ಟಿದೆ. ಬೆಣ್ಣೆ ಕೆಟ್ಟದ್ದು ಎಂಬ ಮಾತು ಕೇಳಿ ಅಮೆರಿಕ, ಯುರೋಪಿನ ಲಕ್ಷಾಂತರ ಮನೆಗಳು ಮಾರ್ಗರೀನಿಗೆ ತಿರುಗಿದವು. ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡಿದ ಆ ಜಿಡ್ಡಿನಲ್ಲಿದ್ದ ಟ್ರಾನ್ಸ್ ಫ್ಯಾಟ್ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಎಂದು ಮೆನ್ಸಿಂಕ್ ಮತ್ತು ಕಾಟನ್ ಎಂಬ ಡಚ್ ಸಂಶೋಧಕರು 1990ರಲ್ಲಿ ತೋರಿಸಿಕೊಟ್ಟರು. ಅಂದರೆ ಹೃದಯಕ್ಕೆ ಹೆದರಿ ಬೆಣ್ಣೆ ಬಿಟ್ಟವರು ಹೃದಯಕ್ಕೆ ಇನ್ನೂ ಕೆಟ್ಟದ್ದನ್ನು, ಒಳ್ಳೆಯದು ಎಂದು ನಂಬಿ ತಿಂದಿದ್ದರು. ನಮ್ಮಲ್ಲಿ ಆ ಜಿಡ್ಡಿನ ಹೆಸರು ವನಸ್ಪತಿ, ಜನರ ಬಾಯಲ್ಲಿ ಡಾಲ್ಡಾ. 1937ರಲ್ಲಿ ಅದು ತುಪ್ಪದ ಅಗ್ಗದ ಬದಲಿಯಾಗಿಯೇ ಪೇಟೆಗೆ ಬಂತು. ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ. 2 ಮೀರಬಾರದು ಎಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ, 85 ವರ್ಷ ಕಳೆದ ಮೇಲೆ. ಆ ನಿಯಮ ಬಂದದ್ದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಟ್ರಾನ್ಸ್ ಫ್ಯಾಟ್ ಹೋದ ಜಾಗಕ್ಕೆ ಬಹುಪಾಲು ಬಂದು ಕೂತದ್ದು ತಾಳೆ ಎಣ್ಣೆ, ಅದರಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬೇ.

ಬೆಣ್ಣೆಯಂತೆ ಕಾಣುವ ಸ್ಪ್ರೆಡ್, ಚೀಸಿನಂತೆ ಎಳೆಯುವ ತಾಳೆ ಎಣ್ಣೆಯ ಮಿಶ್ರಣ, ಪನೀರಿನಂತೆ ಕತ್ತರಿಸಬಹುದಾದ ಬಿಳಿ ಗಟ್ಟಿ ಇವೆಲ್ಲ ಈಗ ಸಗಟು ಪೇಟೆಯಲ್ಲಿ ರಾಜಾರೋಷವಾಗಿ ಸಿಗುತ್ತವೆ, ಅಸಲಿಗಿಂತ ಬಹಳ ಕಡಿಮೆ ಬೆಲೆಗೆ. ಇವನ್ನು ಮಾರುವುದು ಅಪರಾಧವಲ್ಲ, ತಿಂದವರು ಅಂದೇ ಕಾಯಿಲೆ ಬೀಳುವುದೂ ಇಲ್ಲ. ಹಾಲಿನ ಕೊಬ್ಬನ್ನು ತೆಗೆದು ಬೇರೆ ಕೊಬ್ಬು ಸೇರಿಸಿದ್ದಾದರೆ ಹಾಗೆಂದು ಪ್ಯಾಕೆಟ್ಟಿನ ಮೇಲೆ ಹೇಳಿ ಮಾರಬೇಕು ಎಂಬುದಷ್ಟೇ ಕಾನೂನು. ಪನೀರ್ ಎಂದು ಕರೆಯಿಸಿಕೊಳ್ಳಬೇಕಾದರೆ ಒಣ ಅಂಶದ ಅರ್ಧದಷ್ಟಾದರೂ ಹಾಲಿನ ಕೊಬ್ಬಿರಬೇಕು ಎಂದು ಅದೇ ಕಾನೂನು ಹೇಳುತ್ತದೆ. 2025ರ ಮಾರ್ಚಿನಲ್ಲಿ ಮಹಾರಾಷ್ಟ್ರ ವಿಧಾನಸಭೆಯಲ್ಲೂ ನಕಲಿ ಪನೀರಿನ ವಿಷಯ ಎದ್ದಿತ್ತು. ಪ್ಯಾಕೆಟ್ಟು ಕೊಳ್ಳುವ ಹೊಟೇಲಿನವರು ಆ ಬರಹವನ್ನು ಓದಬಲ್ಲರು. ತಟ್ಟೆ ಕೊಳ್ಳುವ ಗಿರಾಕಿ ಓದಲಾರ.

ಈ ಕತ್ತಲು ಹೃದಯಕ್ಕೆ ಹೇಗೆ ಹಾನಿ ಮಾಡುತ್ತದೆ ಎಂದರೆ, ವೈದ್ಯರ ಮಾತು ಗುರಿ ತಪ್ಪುತ್ತದೆ. ಸ್ಟೆಂಟ್ ಹಾಕಿಸಿಕೊಂಡು ಬಂದ ಗಿರಾಕಿಗೆ ವೈದ್ಯರು ಬೆಣ್ಣೆ ಬಿಡಿ ಎನ್ನುತ್ತಾರೆ. ಆತ ಬೆಣ್ಣೆ ಮಸಾಲೆ ಬಿಟ್ಟು ಸಾದಾ ದೋಸೆ ಕೇಳುತ್ತಾನೆ. ಆ ಸಾದಾ ದೋಸೆಯ ಮೇಲೆ ಸುರಿದದ್ದು ಯಾವ ಜಿಡ್ಡು ಎಂಬುದು ಆತನಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಇನ್ನೊಬ್ಬರು ಪನೀರಿನಲ್ಲಿ ಪ್ರೋಟೀನ್ ಇದೆ ಎಂದು ಮಗುವಿಗೆ ಕೊಡಿಸುತ್ತಾರೆ. ಆ ತುಂಡುಗಳಲ್ಲಿ ಹಾಲಿನ ಪ್ರೋಟೀನಿಗಿಂತ ಪಿಷ್ಟವೇ ಹೆಚ್ಚಿದ್ದರೆ ಅವರ ಕಾಳಜಿಯೂ, ಕೊಟ್ಟ ಹಣವೂ ವ್ಯರ್ಥ. ಹಾಲಿನ ಕೊಬ್ಬಿನ ಬಗ್ಗೆ ವಿಜ್ಞಾನ ಇನ್ನೂ ಚರ್ಚೆಯಲ್ಲಿರುವಾಗ ಯಾವ ಪಕ್ಷವನ್ನು ನಂಬಬೇಕು ಎಂದು ನಿರ್ಧರಿಸುವ ಹಕ್ಕು ತಿನ್ನುವವರದು. ತಟ್ಟೆಯಲ್ಲಿ ಏನಿದೆ ಎಂದು ತಿಳಿಯದಿದ್ದರೆ ಆ ಹಕ್ಕಿಗೆ ಅರ್ಥವೇ ಇಲ್ಲ.

ಇಲ್ಲಿ ನಿಮ್ಮಲ್ಲಿ ಕೆಲವರು ನ್ಯಾಯವಾಗಿಯೇ ಕೇಳಬಹುದು: ಬೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ತಾಳೆ ಎಣ್ಣೆಗಿಂತ ಹೆಚ್ಚೇ ಇರುವಾಗ, ಬದಲಿ ಬಳಸಿದರೆ ಗಿರಾಕಿಗೆ ಉಪಕಾರವೇ ಆಯಿತಲ್ಲ? ಮಾತಿನ ಮೊದಲರ್ಧ ಸರಿ. ಹಾಲಿನ ಕೊಬ್ಬಿನಲ್ಲಿ ಸುಮಾರು ಶೇ. 65 ಸ್ಯಾಚುರೇಟೆಡ್, ತಾಳೆ ಎಣ್ಣೆಯಲ್ಲಿ ಶೇ. 50. ಬೆಣ್ಣೆಯನ್ನು ಹೊಗಳುವುದು ನನ್ನ ಉದ್ದೇಶವೇ ಅಲ್ಲ. ಆದ್ದರಿಂದಲೇ ಹೆಸರಿನ ಜೊತೆಗೆ ಅಳತೆಯನ್ನೂ ಬರೆಯಿರಿ ಎನ್ನುತ್ತಿದ್ದೇನೆ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರು ಸ್ಯಾಚುರೇಟೆಡ್ ಕೊಬ್ಬನ್ನು ಅದರ ಶೇ. 10ರೊಳಗೆ, ಅಂದರೆ ಸುಮಾರು 22 ಗ್ರಾಮಿನೊಳಗೆ ಇಟ್ಟುಕೊಳ್ಳಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ದೋಸೆಗೆ 20 ಗ್ರಾಮ್ ಬೆಣ್ಣೆ ಹಾಕಿದರೆ ಅದರಲ್ಲಿ 16 ಗ್ರಾಮ್ ಕೊಬ್ಬು, ಅದರಲ್ಲಿ 10 ಗ್ರಾಮಿನಷ್ಟು ಸ್ಯಾಚುರೇಟೆಡ್. ದಿನದ ಪಾಲಿನ ಅರ್ಧ ಒಂದು ತಿಂಡಿಗೇ ಮುಗಿಯಿತು. ಪನೀರ್ ಬಟರ್ ಮಸಾಲಾದಲ್ಲಿ 100 ಗ್ರಾಮ್ ಪನೀರು, 20 ಗ್ರಾಮ್ ಬೆಣ್ಣೆ, 50 ಗ್ರಾಮ್ ಕ್ರೀಮ್ ಇದೆ ಎಂದಿಟ್ಟುಕೊಳ್ಳೋಣ. ಸ್ಯಾಚುರೇಟೆಡ್ ಕೊಬ್ಬು 30 ಗ್ರಾಮ್ ದಾಟುತ್ತದೆ. ಇಬ್ಬರು ಹಂಚಿಕೊಂಡರೂ ತಲಾ 15. ಮನೆಯಲ್ಲಿ ಕುಡಿಯುವ ಅರ್ಧ ಲೀಟರು ಫುಲ್ ಕ್ರೀಮ್ ಹಾಲಿನಲ್ಲಿರುವುದು ಸುಮಾರು 19, ಟೋನ್ಡ್ ಹಾಲಿನಲ್ಲಾದರೆ 10. ಹಾಲಿನ ಪ್ಯಾಕೆಟ್ಟು ಬದಲಿಸಿ ಮನೆಯಲ್ಲಿ ಇಡೀ ದಿನದಲ್ಲಿ ಉಳಿಸಿದ ಒಂಬತ್ತು ಗ್ರಾಮ್ ಹೊಟೇಲಿನ ಒಂದು ದೋಸೆಯಲ್ಲಿ ಹೊರಟುಹೋಗುತ್ತದೆ. ಈ ಲೆಕ್ಕ ತಿಳಿದ ಮೇಲೂ ಬೆಣ್ಣೆ ದೋಸೆಯೇ ಬೇಕು ಎನ್ನುವವರು ಸಂತೋಷವಾಗಿ ತಿನ್ನಲಿ. ರಾತ್ರಿಯ ಊಟದಲ್ಲಿ ಸ್ವಲ್ಪ ಹಿಡಿತ ಮಾಡಿಕೊಂಡಾರು. ‘ಉಪಕಾರ’ದ ವಾದದ ದೋಷ ಇರುವುದು ಇಲ್ಲಿ: ನಿಜವಾಗಿ ಉಪಕಾರವಾಗಿದ್ದರೆ ಅದನ್ನು ಮುಚ್ಚಿಡುವ ಅಗತ್ಯವಿರಲಿಲ್ಲ, ಬೆಣ್ಣೆಯ ಬೆಲೆ ತೆಗೆದುಕೊಳ್ಳುವ ಅಗತ್ಯವೂ ಇರಲಿಲ್ಲ.

ನಮ್ಮ ಹಿರಿಯರು ತುಪ್ಪ ತಿಂದೇ ಗಟ್ಟಿಯಾಗಿ ಬದುಕಿದರು, ಈ ಅಳತೆ ತೂಕವೆಲ್ಲ ಈಚಿನವರ ಹೆದರಿಕೆ ಎಂಬ ಮಾತಿಗೂ ಉತ್ತರ ಹೇಳಬೇಕು. ಕರಾವಳಿಯ ಊಟದ ಎಲೆಯನ್ನೇ ನೆನೆಯಿರಿ. ಅನ್ನದ ಮೇಲೆ ಬೀಳುವ ತುಪ್ಪಕ್ಕೆ ಅಭಿಘಾರ ಎಂಬ ಹೆಸರೇ ಇದೆ. ಅದನ್ನು ಬಡಿಸಲು ಸೌಟಲ್ಲ, ಮಿಳ್ಳೆ. ಒಂದು ಮಿಳ್ಳೆ ಅನ್ನದ ಮೇಲೆ, ಕೇಳಿದರೆ ಇನ್ನೊಂದು. ತುಪ್ಪವನ್ನು ಅಳೆದು ಬಡಿಸುವ ಪಾತ್ರೆಯನ್ನು ನಮ್ಮ ಸಂಪ್ರದಾಯವೇ ಮಾಡಿಟ್ಟಿದೆ. ಆ ತುಪ್ಪ ತಿಂದವರು ಗದ್ದೆಯ ಬದುವಿನಲ್ಲೋ ತೋಟದಲ್ಲೋ ದಿನವಿಡೀ ಬೆವರು ಸುರಿಸಿದವರು. ಅದೇ ತುಪ್ಪ, ಅದೇ ಬೆಣ್ಣೆ ಅಳತೆಯಿಲ್ಲದೆ ಕಾವಲಿಯ ಮೇಲೆ ಹರಿದು, ಇಡೀ ದಿನ ಕುರ್ಚಿಯ ಮೇಲೆ ಕೂರುವವರ ತಟ್ಟೆಗೆ ಬಂದರೆ ಅದನ್ನು ಸಂಪ್ರದಾಯ ಎನ್ನಲಾಗದು. ಕಾವಲಿಯ ಪಕ್ಕದಲ್ಲಿ ಅಳತೆಯ ಚಮಚವೊಂದನ್ನು ತೂಗುಹಾಕಿದರೆ ಮಿಳ್ಳೆಯನ್ನು ಅದರ ಜಾಗಕ್ಕೆ ವಾಪಸು ತಂದಂತೆ.

ದರದ ಪ್ರಶ್ನೆ ಇವೆಲ್ಲಕ್ಕಿಂತ ಕಠಿಣ, ಅದನ್ನು ಹಗುರ ಮಾಡಿ ಹೇಳಲಾರೆ. ಸ್ಟೇಶನ್ ಪಕ್ಕದ ಜಾಗದ ಬಾಡಿಗೆ, ಗ್ಯಾಸು, ಕೆಲಸದವರ ಕೊರತೆ, ಮನೆಗೆ ತಲುಪಿಸುವ ಆ್ಯಪ್‌ಗಳ ಕಮಿಶನ್ ಎಲ್ಲ ಸೇರಿ ನಿಮ್ಮ ಕೈಗೆ ಉಳಿಯುವುದು ತೆಳ್ಳಗಿನ ಲಾಭ. ಎದುರಿನ ಅಂಗಡಿಯವರು ಬದಲಿ ಪನೀರು ಹಾಕಿ 40 ರೂಪಾಯಿ ಕಡಿಮೆಗೆ ಕೊಡುವಾಗ ನೀವೊಬ್ಬರೇ ಅಸಲಿ ಹಾಕಿ ಸೋಲಬೇಕೆ? ನಾನು ಹಾಗೆ ಕೇಳುತ್ತಿಲ್ಲ. ಬದಲಿ ಬಳಸಲೇಬೇಕಾದರೆ ಬಳಸಿ, ಬಳಸಿದ್ದನ್ನು ಬರೆಯಿರಿ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಡಿ. ಬರೆದ ಕೂಡಲೇ ಎದುರಿನವರ ಮೌನ ತಾನಾಗಿ ಪ್ರಶ್ನೆಯಾಗುತ್ತದೆ. ಹಾಲಿನದೇ ಇನ್ನೊಂದು ವ್ಯಾಪಾರದಲ್ಲಿ ಇದನ್ನು ಕಂಡಿದ್ದೇವೆ. ಐಸ್‌ಕ್ರೀಮ್ ಎಂದು ಕರೆಯಲು ಹಾಲಿನ ಕೊಬ್ಬು ಶೇ. 10 ಇರಬೇಕು. ಸಸ್ಯಜನ್ಯ ಎಣ್ಣೆ ಬಳಸಿದರೆ ‘ಫ್ರೋಜನ್ ಡೆಸರ್ಟ್’ ಎಂದು ಬರೆಯಬೇಕು. 2017ರಲ್ಲಿ ಅಮೂಲ್‌ನ ಜಾಹೀರಾತೊಂದು ಫ್ರೋಜನ್ ಡೆಸರ್ಟಿನಲ್ಲಿ ವನಸ್ಪತಿ ಇದೆ ಎಂದು ಸೂಚಿಸಿತು. ಹಿಂದುಸ್ತಾನ್ ಯೂನಿಲಿವರ್ ಮುಂಬಯಿ ಹೈಕೋರ್ಟಿಗೆ ಹೋಯಿತು, ನ್ಯಾಯಾಲಯ ಆ ಜಾಹೀರಾತನ್ನು ತಡೆಯಿತು. ಎದುರಾಳಿಯ ಸರಕನ್ನು ಹೀಗಳೆಯುವುದು ಸಲ್ಲದು ಎಂಬ ಆ ತೀರ್ಪು ಸರಿಯಾದದ್ದೇ. ಆದರೆ ಆ ಜಗಳದ ಗದ್ದಲದಲ್ಲಿ ಕಪ್ಪಿನ ಮೇಲಿನ ಸಣ್ಣಕ್ಷರವನ್ನು ಓದುವ ಅಭ್ಯಾಸ ಎಷ್ಟೋ ತಾಯಂದಿರಿಗೆ ಹತ್ತಿತು. ಮುಲ್ಕಿಯ ಕಡೆಯ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ತೆರೆದ ನ್ಯಾಚುರಲ್ಸ್ ನಿಮಗೆ ದೂರದ ಉದಾಹರಣೆಯಲ್ಲ. ಹಾಲು, ಸಕ್ಕರೆ, ಹಣ್ಣು ಎಂದು ಒಳಗಿರುವುದನ್ನು ಹೇಳಿಯೇ ಅವರು ದೊಡ್ಡ ಕಂಪನಿಗಳ ನಡುವೆ ಜಾಗ ಮಾಡಿಕೊಂಡರು. 2024ರ ಮೇ ತಿಂಗಳಿನಲ್ಲಿ ಅವರು ತೀರಿಕೊಂಡಾಗ ಇಡೀ ಮುಂಬಯಿ ನೆನೆದದ್ದು ಹಣ್ಣಿನ ರುಚಿಯನ್ನು.

ಕಾನೂನು ನಮ್ಮನ್ನು ಕೇಳುವುದಿಲ್ಲವಲ್ಲ ಎನ್ನುವವರಿದ್ದಾರೆ. ಹೌದು, ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವ ಹೊಟೇಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂಬ 2020ರ ನಿಯಮ ಒಂದೆರಡು ಶಾಖೆಯ ನಿಮ್ಮಲ್ಲಿ ಹೆಚ್ಚಿನವರಿಗೆ ಅನ್ವಯಿಸದು. ಆದರೆ 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ಆಹಾರದ ಗುಣದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಅಲ್ಲಿ ಶಾಖೆಗಳ ಎಣಿಕೆಯಿಲ್ಲ. ದಂಡದ ಹೆದರಿಕೆಯಿಂದ ಬರೆಯಿರಿ ಎನ್ನುವ ಆಸೆ ನನಗಿಲ್ಲ.  ನಿಮ್ಮ ಸಂಘಟನೆಗಳ ಸಭೆಯಲ್ಲಿ ಈ ನಾಲ್ಕು ಊರುಗಳವರು ಕೂತು ಒಂದೇ ಮಾದರಿ ಒಪ್ಪಿಕೊಂಡರೆ ಯಾರೊಬ್ಬರೂ ಒಂಟಿಯಾಗಿ ನಷ್ಟ ಹೊರಬೇಕಾಗುವುದಿಲ್ಲ.

ಆ ಮಾದರಿ ಬಹಳ ದೊಡ್ಡದೇನೂ ಆಗಬೇಕಿಲ್ಲ. ತಿಂಡಿಯ ಹೆಸರಿನ ಕೆಳಗೆ ಒಂದು ಸಾಲು: ‘ಬೆಣ್ಣೆ, 15 ಗ್ರಾಮ್’. ಅಥವಾ ‘ಸಸ್ಯಜನ್ಯ ಸ್ಪ್ರೆಡ್, 15 ಗ್ರಾಮ್’. ಪನೀರಿಗೆ ‘ಹಾಲಿನದು’ ಅಥವಾ ‘ಬದಲಿ’. ಕರಿಯುವ ಎಣ್ಣೆ ಯಾವುದೆಂದು ಗಲ್ಲೆಯ ಹಿಂದಿನ ಗೋಡೆಯಲ್ಲಿ ಒಂದು ಫಲಕ. ಅರ್ಧ ಬೆಣ್ಣೆಯ ದೋಸೆ ಕೇಳಿದವರಿಗೆ ಅರ್ಧವೇ ಹಾಕಿ ಕೊಡುವ ಸೂಚನೆ ಕಾವಲಿಯವರಿಗೆ. ಚಹಾಕ್ಕೆ ಯಾವ ಹಾಲು ಬಳಸುತ್ತೀರಿ ಎಂಬುದನ್ನು ಬರೆದರೆ ಒಳ್ಳೆಯದು, ಆದರೆ ಅಲ್ಲಿ ಹಾಲಿಗಿಂತ ಸಕ್ಕರೆಯದೇ ದೊಡ್ಡ ಲೆಕ್ಕ. ‘ಹೆಲ್ದಿ’, ‘ಹಾರ್ಟ್ ಸ್ಪೆಶಲ್’ ಎಂಬ ಮಾತುಗಳನ್ನು ಮಾತ್ರ ಪೂರ್ತಿ ತೆಗೆದುಬಿಡಿ. ತಟ್ಟೆಯೊಂದು ಹೃದಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದನ್ನು ತಿನ್ನುವವರ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಆ ದಿನ ಅವರು ಇನ್ನೇನು ತಿಂದರು ಎಂಬುದನ್ನು ನೋಡಿ ನಿರ್ಧಾರವಾಗುವ ಸಂಗತಿ. ಮೆನು ಕಾರ್ಡಿಗೆ ಅದು ತಿಳಿಯದು.

ಕನ್ನಡ ಸಂಘಗಳಿಗೂ ಇಲ್ಲಿ ಒಂದು ಪಾಲಿದೆ. ಡೊಂಬಿವಲಿಯಲ್ಲಿ, ವಾಶಿ ನೆರೂಳಿನಲ್ಲಿ, ಥಾಣೆಯಲ್ಲಿ ಸಂಘಗಳು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯ ಶಿಬಿರ ಮಾಡುತ್ತವೆ. ಅದಕ್ಕೆ ಹಣ ಕೊಡುವವರಲ್ಲಿ ನೀವೇ ಮುಂದೆ. ರಕ್ತದ ಕೊಲೆಸ್ಟರಾಲ್ ಅಳೆದು ಚೀಟಿ ಕೊಡುವ ಆ ಟೇಬಲಿನ ಪಕ್ಕದಲ್ಲೇ ನಿಮ್ಮ ಹೊಸ ಮೆನು ಕಾರ್ಡುಗಳನ್ನೂ ಇಡಿಸಿ. ಚೀಟಿಯಲ್ಲಿನ ಅಂಕಿಗೂ ತಟ್ಟೆಯ ಅಂಕಿಗೂ ಇರುವ ಸಂಬಂಧವನ್ನು ವೈದ್ಯರು ಅಲ್ಲೇ ಕೂತು, ಅಲ್ಲಿಗೆ ಬಂದವರ ಭಾಷೆಯಲ್ಲೇ ವಿವರಿಸಬಲ್ಲರು. ಕಾರ್ಡು ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ. ಬೆಣ್ಣೆಗೆ ಮರಾಠಿಯವರು ಲೋಣಿ ಎನ್ನುತ್ತಾರೆ. ಎರಡು ಭಾಷೆಯ ಮನೆಗಳಲ್ಲೂ ಆ ಶಬ್ದಕ್ಕೆ ಕಡೆದ ಮೊಸರಿನಿಂದ ಎದ್ದು ಬಂದದ್ದು ಎಂಬ ಒಂದೇ ಅರ್ಥ. ಮಳೆಗಾಲ ಮುಗಿದು ನವರಾತ್ರಿಗೆ ಮುಂಚೆ ನಿಮ್ಮಲ್ಲಿ ಹಲವರು ದರ ಪರಿಷ್ಕರಿಸಿ ಹೊಸ ಕಾರ್ಡು ಅಚ್ಚು ಹಾಕಿಸುತ್ತೀರಿ. ಮುದ್ರಣಾಲಯಕ್ಕೆ ಪ್ರತಿ ಕಳಿಸುವ ಮೊದಲು ನಿಮ್ಮ ಅಡುಗೆಯವರನ್ನು ಕರೆದು, ಕಾವಲಿಯ ಮೇಲೆ ಒಂದು ಸಲಕ್ಕೆ ಬೀಳುವ ಬೆಣ್ಣೆಯನ್ನು ತಕ್ಕಡಿಯಲ್ಲಿಟ್ಟು ತೂಗಿಸಿ ನೋಡಿ, ಬಂದ ಅಂಕಿಯನ್ನು ಹಾಗೆಯೇ ಬರೆಸಿ.

ಇಂತಿ,
ನಿಮ್ಮ ಹೊಟೇಲುಗಳ ಊಟದ ಮೇಲೆ ನಂಬಿಕೆ ಇಟ್ಟಿರುವ
ಒಬ್ಬ ಕನ್ನಡಿಗ